ನರಭಕ್ಷಕನಿಗೊಂದು ಸನ್ನಡತೆಯ ಪ್ರಮಾಣಪತ್ರ

ಜನಗಣತಿಗೆ ಬಂದವನ ಯಕೃತ್ತನ್ನು ವೈನಿನ ಜೊತೆಗೆ ತಿಂದೆನೆಂದು ತಾನೇ ಹೇಳಿಕೊಂಡವನು ಸಂಭಾವಿತನೆನಿಸಿಕೊಳ್ಳಲು ಇನ್ನೇನು ಮಾಡಬೇಕು? ದನಿ ಏರಿಸದೆ, ವ್ಯಾಕರಣ ತಪ್ಪದೆ ಮಾತನಾಡಿದರೆ ಸಾಕು. ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು 1991ರ ಫೆಬ್ರುವರಿ 14ರಂದು, ಅಂದರೆ ಪ್ರೇಮಿಗಳ ದಿನದಂದು. ಸೆರೆಯಲ್ಲಿರುವ ನರಭಕ್ಷಕ ಮನೋವೈದ್ಯ ಹ್ಯಾನಿಬಲ್ ಲೆಕ್ಟರ್ ಮತ್ತು ಸರಣಿ ಕೊಲೆಗಾರನೊಬ್ಬನ ಸುಳಿವು ಕೇಳಿ ಅವನ ಬಳಿ ಬರುವ, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ತರಬೇತಿಯಲ್ಲಿರುವ ಕ್ಲಾರಿಸ್ ಸ್ಟಾರ್ಲಿಂಗ್‌ರದು ಪ್ರೇಮಕಥೆಯೆಂದು ನಂಬಿರುವ ಅಭಿಮಾನಿ ಬಳಗಕ್ಕೆ ಈ ದಿನಾಂಕವೂ ಒಂದು ಸಾಕ್ಷಿ.

ದೊಡ್ಡ ಸಾಕ್ಷಿ ಬೆರಳಿನದು. ಮೆಂಫಿಸ್‌ನಲ್ಲಿ ಸರಳುಗಳ ನಡುವಿನಿಂದ ಕಡತವನ್ನು ಹಿಂದಿರುಗಿಸುವಾಗ ಲೆಕ್ಟರನ ಬೆರಳು ಕ್ಲಾರಿಸಳ ಬೆರಳನ್ನು ಸವರಿ ಹೋಗುತ್ತದೆ. ಈ ಒಂದು ಕ್ಷಣವನ್ನು ನಿಲ್ಲಿಸಿ ನಿಲ್ಲಿಸಿ ನೋಡುವವರು, ಸ್ವಲ್ಪ ಹೊತ್ತಿಗೇ ಅದೇ ಕೈ ಇಬ್ಬರು ಕಾವಲುಗಾರರನ್ನು ಕೊಂದು ಒಬ್ಬನ ಮುಖದ ಚರ್ಮವನ್ನು ಮುಖವಾಡ ಮಾಡಿಕೊಳ್ಳುವಾಗ, ಹಿನ್ನೆಲೆಯ ಬಾಖ್ ಸಂಗೀತಕ್ಕೆ ತಲೆದೂಗುತ್ತಾರೆ. ಪೆಂಬ್ರಿ, ಬಾಯ್ಲ್ ಎಂಬ ಆ ಇಬ್ಬರ ಹೆಸರು ಯಾರಿಗೂ ನೆನಪಿಲ್ಲ. ಕ್ಲಾರಿಸಳನ್ನು ಅವಮಾನಿಸಿದ ಕೈದಿ ಮಿಗ್ಸ್‌ನ ಕಿವಿಗೆ ಪಕ್ಕದ ಕೋಣೆಯಿಂದಲೇ ಏನನ್ನೋ ತುಂಬಿ ಅವನು ತನ್ನ ನಾಲಿಗೆಯನ್ನೇ ನುಂಗಿ ಸಾಯುವಂತೆ ಮಾಡಿದ್ದಂತೂ ಬಳಗದ ಲೆಕ್ಕದಲ್ಲಿ ಸ್ತ್ರೀಗೌರವಕ್ಕೆ ಸೇರಿಹೋಗಿದೆ.

ಇದು ಪ್ರೇಮವಾದರೆ ಲೇವಾದೇವಿಯೂ ಪ್ರೇಮವೇ. ಒಂದು ಸುಳಿವಿಗೆ ಒಂದು ನೆನಪು ಎಂಬುದು ಲೆಕ್ಟರನ ದರ. ಅಪ್ಪನ ಸಾವು, ನೆಂಟರ ಮನೆಯಿಂದ ಓಡಿಹೋದ ರಾತ್ರಿ, ಕುರಿಮರಿಗಳ ಚೀರಾಟ, ಹೀಗೆ ಅವಳ ಬಾಲ್ಯ ಕಂತುಕಂತಾಗಿ ಸಂದಾಯವಾಗುತ್ತದೆ. ಅಷ್ಟು ಹೊತ್ತೂ ಕ್ಯಾಥರೀನ್ ಮಾರ್ಟಿನ್ ಎಂಬ ಹುಡುಗಿ ಆ ಸರಣಿ ಕೊಲೆಗಾರ ಬಫಲೋ ಬಿಲ್‌ನ ನೆಲಮಾಳಿಗೆಯ ಬಾವಿಯಲ್ಲಿ ಕೂಗಿಕೊಳ್ಳುತ್ತಿರುತ್ತಾಳೆ. ಸಾಲಗಾರನಿಗೆ ಅವಸರವಿದೆಯೆಂದು ತಿಳಿದ ಸಾಹುಕಾರನಂತೆ ಲೆಕ್ಟರ್ ಮಾತನ್ನು ಎಳೆಯುತ್ತಾನೆ.

ಉಳಿದ ಗಂಡಸರು ಅವನ ಕೆಲಸವನ್ನು ಸುಲಭ ಮಾಡಿಕೊಟ್ಟರೆಂಬುದನ್ನು ಒಪ್ಪೋಣ. ಲೆಕ್ಟರನನ್ನು ಕೂಡಿಹಾಕಿದ್ದ ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ಚಿಲ್ಟನ್ ಮೊದಲ ಭೇಟಿಯಲ್ಲೇ ಊರು ತೋರಿಸುವ ನೆಪದಲ್ಲಿ ಹಲ್ಲುಗಿಂಜುತ್ತಾನೆ. ಮೇಲಧಿಕಾರಿ ಕ್ರಾಫರ್ಡ್ ಅವಳನ್ನು ಕಳಿಸಿದ ನಿಜವಾದ ಉದ್ದೇಶವನ್ನು ಅವಳಿಂದಲೇ ಮುಚ್ಚಿಡುತ್ತಾನೆ. ಇಂಥವರ ಸಾಲಿನಲ್ಲಿ ನಿಲ್ಲಿಸಿದರೆ ನರಭಕ್ಷಕನೂ ವರನಂತೆ ಕಂಡಾನು.

ಬಳಗವನ್ನಷ್ಟೇ ದೂರಿ ಫಲವಿಲ್ಲ. 2003ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ಪಟ್ಟಿಯಲ್ಲಿ ಲೆಕ್ಟರ್ ಖಳರಲ್ಲಿ 1ನೆಯವನು, ಕ್ಲಾರಿಸ್ ನಾಯಕರಲ್ಲಿ 6ನೆಯವಳು. ಹುಡುಗಿಯನ್ನು ಬಾವಿಯಿಂದ ಉಳಿಸಿದವಳಿಗಿಂತ ಬಾಯಿಮಾತಿನಲ್ಲಿ ದಾರಿ ತೋರಿಸಿದವನ ರ‍್ಯಾಂಕ್ ಮೇಲು.

ಇನ್ನು ಅರ್ಡೀಲಿಯಾ ಮ್ಯಾಪ್ ಯಾವ ಸಂಬಂಧದ ಚರ್ಚೆಯಲ್ಲೂ ಬರುವುದಿಲ್ಲ. ಅವಳು ಕ್ಲಾರಿಸಳ ಜೊತೆಗೇ ತರಬೇತಿ ಪಡೆಯುವ ಗೆಳತಿ. ನಕ್ಷೆಯ ಮೇಲೆ ಲೆಕ್ಟರ್ ಗೀಚಿದ ಟಿಪ್ಪಣಿಯನ್ನು ಮುಂದಿಟ್ಟುಕೊಂಡು ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಮುಂದುವರಿಸುತ್ತ ಹೋಗಿ, ಕೊಲೆಗಾರನಿಗೆ ಮೊದಲ ಬಲಿಯ ಪರಿಚಯವಿತ್ತೆಂಬಲ್ಲಿಗೆ ಬಂದು ಮುಟ್ಟುತ್ತಾರೆ. ಪ್ರಕರಣದ ಬೀಗ ತೆರೆಯುವುದು ಅಲ್ಲಿ. ಆದರೆ ಅರ್ಡೀಲಿಯಾ ಯಾರನ್ನೂ ತಿಂದವಳಲ್ಲವಾದ್ದರಿಂದ ಅವಳ ಸ್ನೇಹದಲ್ಲಿ ಗಾಢತೆ ಸಾಲದು.

ಕೊನೆಯ ಫೋನ್ ಕರೆಯಲ್ಲಿ ಲೆಕ್ಟರ್ ಹಳೆಯ ಗೆಳೆಯನೊಬ್ಬನ ಊಟದ ಮಾತೆತ್ತಿ ಫೋನಿಟ್ಟು, ಚಿಲ್ಟನ್‌ನ ಹಿಂದೆ ಜನಜಂಗುಳಿಯಲ್ಲಿ ನಡೆದುಹೋಗುತ್ತಾನೆ. ಇತ್ತ ಕ್ಲಾರಿಸ್ ಫೋನ್ ಹಿಡಿದು “ಡಾಕ್ಟರ್ ಲೆಕ್ಟರ್... ಡಾಕ್ಟರ್ ಲೆಕ್ಟರ್...” ಎಂದು ಕರೆಯುತ್ತಲೇ ಇರುತ್ತಾಳೆ. ಎಫ್‌ಬಿಐನವಳೊಬ್ಬಳು ತಪ್ಪಿಸಿಕೊಂಡ ಕೊಲೆಗಾರನ ಸುಳಿವಿಗಾಗಿ ಕರೆಯುತ್ತಿದ್ದಾಳೆಂದು ತಿಳಿಯಬೇಕಾದ ಬಳಗ ಅದನ್ನು ವಿರಹವೆಂದು ಬರೆದುಕೊಂಡಿದೆ.