ಜೋ ಭಾವನ ಟೋಪಿ

ಡಿಕನ್ಸ್ ಬರೆದ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ನಾನು ಮೊದಲು ಓದಿದ್ದು ಬಿ.ಎ.ಯಲ್ಲಿ, ಪರೀಕ್ಷೆಗಾಗಿ. ಆಗ ನೆನಪಲ್ಲಿ ಉಳಿದದ್ದು ಮದುವೆ ಉಡುಪಲ್ಲೇ ಮುದುಕಿಯಾದ ಮಿಸ್ ಹ್ಯಾವಿಶಮ್, ನಿಂತುಹೋದ ಗಡಿಯಾರಗಳು, ಜೇಡ ಮನೆ ಮಾಡಿದ ಕೇಕು. ಕಥಾನಾಯಕ ಪಿಪ್‌ನನ್ನು ಸಾಕಿದ ಅವನ ಭಾವ, ಕಮ್ಮಾರ ಜೋ ಹೆಚ್ಚೇನೂ ನೆನಪಿರಲಿಲ್ಲ.

ಈಗ ನಮ್ಮ ಓದುವ ಬಳಗದಲ್ಲಿ ಅದನ್ನೇ ಮತ್ತೆ ಹಿಡಿದೆವು. ವಾರಕ್ಕೆ ಎರಡೇ ಅಧ್ಯಾಯ, ಯಾರೂ ಮುಂದೆ ಓಡಬಾರದು ಅಂತ ಮಾತಾಯಿತು. ಇದು 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಅಲ್ವಾ, ನಿಧಾನವೇ ಇದಕ್ಕೆ ಸರಿ.

27ನೇ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆವು. ಪಿಪ್ ಈಗ ಲಂಡನ್ನಿನಲ್ಲಿ ದೊಡ್ಡ ಮನುಷ್ಯ. ಜೋ ಊರಿಂದ ನೋಡಲು ಬರುತ್ತಾನೆ. ದುಡ್ಡು ಕೊಟ್ಟು ತಡೆಯಬಹುದಾಗಿದ್ದರೆ ಕೊಟ್ಟೇ ತಡೆಯುತ್ತಿದ್ದೆ ಅಂತ ಪಿಪ್ ತಾನೇ ಒಪ್ಪಿಕೊಳ್ಳುತ್ತಾನೆ. ಜೋ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾನೆ, ಮೊಟ್ಟೆಯಿರುವ ಹಕ್ಕಿಗೂಡಿನ ಹಾಗೆ. ಬೆಂಕಿಗೂಡಿನ ಮೇಲಿನ ಹಲಗೆಯ ತುದಿಗೆ ಇಟ್ಟರೆ ಅದು ಮತ್ತೆ ಮತ್ತೆ ಬೀಳುತ್ತದೆ. ಅವನು ಎದ್ದೆದ್ದು ಹಿಡಿಯುತ್ತಾನೆ. ತಿಂದದ್ದಕ್ಕಿಂತ ಚೆಲ್ಲಿದ್ದೇ ಜಾಸ್ತಿ. ಕಾಲೇಜಲ್ಲಿ ಇದಕ್ಕೆ ನಕ್ಕಿದ್ದೆವು. ಈ ಸಲ ಯಾರೂ ನಗಲಿಲ್ಲ.

ಅವನ ಮಾತನ್ನು ಸುಮ್ನೆ ಕನ್ನಡದಲ್ಲಿ ಹೇಳಿ ನೋಡೋಣ ಅಂದರು ಒಬ್ಬರು. ಅಲ್ಲೇ ಸಿಕ್ಕಿಬಿದ್ದೆವು. ಜೋ ಒಮ್ಮೆ ‘ಪಿಪ್’ ಅನ್ನುತ್ತಾನೆ, ಒಮ್ಮೆ ‘ಸರ್’ ಅನ್ನುತ್ತಾನೆ. ನಮ್ಮಲ್ಲಾದರೆ ‘ನೀನು’ ಹೋಗಿ ‘ತಾವು’ ಬರಬೇಕು. ಎತ್ತಿ ಆಡಿಸಿದ ಅಕ್ಕನ ಗಂಡ, ಎದುರು ನಿಂತು ‘ತಾವು ಚೆನ್ನಾಗಿದ್ದೀರಾ?’ ಅಂದರೆ ಹೇಗಿರುತ್ತದೆ! ಪಿಪ್ ಪ್ರೀತಿಸಿದ ಹುಡುಗಿ ಎಸ್ಟೆಲ್ಲಾ ಅವನಿಗೆ ಕೊಟ್ಟ ನೋವೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು ನನಗೆ. ಪಿಪ್‌ಗೂ ಆ ‘ಸರ್’ ಚುಚ್ಚುತ್ತದೆ. ಆದರೆ ಅವನಿಗೆ ಬರುವುದು ಜೋ ಮೇಲೇ ಸಿಟ್ಟು. ನಾಚಿಕೆ ಹೇಗೆ ಸಿಟ್ಟಾಗುತ್ತದೆ ಅನ್ನೋದನ್ನು ಇಷ್ಟು ನಿಜವಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಕೊನೆಯ ಬಗ್ಗೆ ಬಳಗದಲ್ಲಿ ದೊಡ್ಡ ಜಗಳವೇ ಆಯಿತು. ಡಿಕನ್ಸ್ ಮೊದಲು ಬರೆದ ಕೊನೆಯಲ್ಲಿ ಪಿಪ್, ಎಸ್ಟೆಲ್ಲಾ ಬೇರೆಯಾಗುತ್ತಾರೆ. ಗೆಳೆಯ ಬುಲ್ವರ್ ಲಿಟ್ಟನ್ ಹೇಳಿದ ಮೇಲೆ ಅದನ್ನು ಬದಲಿಸಿದರು. ಎರಡರಲ್ಲಿ ಯಾವುದಾದರೂ ನನಗೆ ಒಂದೇ.

ನನಗೆ ಕಾದಂಬರಿ ಮುಗಿಯುವುದು 57ನೇ ಅಧ್ಯಾಯದಲ್ಲಿ. ಜ್ವರದಲ್ಲಿ ಬಿದ್ದ ಪಿಪ್‌ನನ್ನು ಜೋ ಬಂದು ನೋಡಿಕೊಳ್ಳುತ್ತಾನೆ. ಪಿಪ್‌ಗೆ ಬಲ ಬಂದಂತೆಲ್ಲ ಆ ‘ಸರ್’ ಮತ್ತೆ ಬರತೊಡಗುತ್ತದೆ. ಒಂದು ಬೆಳಿಗ್ಗೆ ಪಿಪ್ ಎದ್ದು ನೋಡಿದರೆ ಜೋ ಇಲ್ಲ, ಪೆಟ್ಟಿಗೆಯೂ ಇಲ್ಲ. ತಿಂಡಿಯ ಮೇಜಿನ ಮೇಲೆ ಒಂದು ಪುಟ್ಟ ಪತ್ರ. ಅದರೊಳಗೆ ಪಿಪ್‌ನ ಸಾಲ ತೀರಿಸಿದ ರಸೀದಿ.