ಹೆಸರು ಮಾರಾಟಕ್ಕಿದೆ, ರೇಟ್ ಮಾತ್ರ ಕೇಳಬೇಡಿ

ಸ್ಟಾರ್ಟಪ್ ಮಾಡಿ ಒದ್ದಾಡಿದ ಹುಡುಗರು ಕೊನೆಗೊಂದು ದಿನ ಲಿಂಕ್ಡ್‌ಇನ್‌ನಲ್ಲಿ ಸಂತೋಷ ಹಂಚಿಕೊಳ್ಳುತ್ತಾರೆ. ಯಾರೋ ಪುಣ್ಯಾತ್ಮರು ದುಡ್ಡು ಹಾಕಿದ್ದಾರೆ. ಕೆಳಗೆ ಮೊದಲು ಬಂದು ಹಾರೈಸುವುದು ಯಾರು? ನೆಂಟರಲ್ಲ, ಗೆಳೆಯರಲ್ಲ, ಡೊಮೇನ್ ಅಂದರೆ ವೆಬ್‌ಸೈಟ್ ವಿಳಾಸದ ಹೆಸರು ಮಾರುವವರು. ‘ಅಭಿನಂದನೆಗಳು ಸರ್! ನಿಮ್ಮ ಕಂಪನಿ ಹೆಸರಿನ ಡಾಟ್ ಕಾಮ್ ನನ್ನ ಹತ್ರ ಇದೆ. ಆಸಕ್ತಿ ಇದ್ರೆ ಡಿಎಂ (ಖಾಸಗಿ ಮೆಸೇಜ್) ಮಾಡಿ.’ ಜೊತೆಗೆ ಮೂರು ರಾಕೆಟ್ ಇಮೋಜಿ.

ಛೇ, ಇವರಿಗೆ ರೀತಿ ನೀತಿ ಇಲ್ವಾ ಅನ್ನಬೇಡಿ. ಇದೆ, ಅದೂ ನಮ್ಮ ನಿಮ್ಮದಕ್ಕಿಂತ ಕಟ್ಟುನಿಟ್ಟು. ಹುಟ್ಟುಹಬ್ಬದ ಪೋಸ್ಟ್ ಕೆಳಗೆ ಅಂಗಡಿ ಇಡಬಹುದು. ಶ್ರದ್ಧಾಂಜಲಿ ಕೆಳಗೂ ಇಡಬಹುದು, ಆದರೆ ಅಲ್ಲಿ ರಾಕೆಟ್ ಬದಲು ಕೈಮುಗಿಯುವ ಇಮೋಜಿ ಹಾಕಬೇಕು. ಸಂಬಂಧವೇ ಇಲ್ಲದ ನಲವತ್ತು ಜನರನ್ನು ಟ್ಯಾಗ್ ಮಾಡಬಹುದು. ಉತ್ತರ ಬರದಿದ್ದರೆ ‘ಗುಡ್ ಮಾರ್ನಿಂಗ್ ಸರ್’ ಅಂತ ದಿನಾ ಬೆಳಗ್ಗೆ ಬಾಗಿಲು ಬಡಿಯಬಹುದು. ಬಾಯಿತಪ್ಪಿಯೂ ಮಾಡಬಾರದ ಕೆಲಸ ಒಂದೇ. ಬೆಲೆ ಹೇಳುವುದು.

ಡಾಟ್ ಕಾಮ್ ಹೆಸರೊಂದನ್ನು ಇಟ್ಟುಕೊಳ್ಳಲು ವರ್ಷಕ್ಕೆ ಸಾವಿರ ಚಿಲ್ಲರೆ ರೂಪಾಯಿ ಸಾಕು. ಮೊದಲು ಬಂದವರಿಗೆ ಸಿಗುತ್ತದೆ. ನಿನಗ್ಯಾಕಪ್ಪಾ ಈ ಹೆಸರು ಅಂತ ಯಾರೂ ಕೇಳುವುದಿಲ್ಲ. 1985ರ ಮಾರ್ಚ್ 15ರಂದು ಮೊಟ್ಟಮೊದಲ ಡಾಟ್ ಕಾಮ್ ಹೆಸರು ಪಡೆದದ್ದು ಸಿಂಬಾಲಿಕ್ಸ್ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿ. ಅದರ ಹೆಸರೂ ಸಿಂಬಾಲಿಕ್ಸ್, ತೆಗೆದುಕೊಂಡ ಡೊಮೇನೂ ಸಿಂಬಾಲಿಕ್ಸ್. ಬಳಸೋಕೆ ಅಂತಲೇ ತಗೊಂಡಿತ್ತು ಪಾಪ. ಎಂಥ ಅಮಾಯಕರಿದ್ದರು ಆಗ!

ಈಗ ಹಾಗಲ್ಲ. ಬೆಂಗಳೂರಿನ ಸೈಟ್ ಬ್ರೋಕರ್ ಮುಳ್ಳುಗಿಡದ ನಡುವೆ ನಿಂತು ‘ಮುಂದಿನ ವರ್ಷ ಮೆಟ್ರೋ ಇಲ್ಲೇ ಬರುತ್ತೆ’ ಅನ್ನುವ ಹಾಗೆ ಇವರೂ ದೊಡ್ಡ ಮಾರಾಟಗಳನ್ನು ತೋರಿಸುತ್ತಾರೆ. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರಿಗೆ ಹೋಯಿತು, ನಿಜ. ಚಾಟ್ ಡಾಟ್ ಕಾಮ್ 2023ರಲ್ಲಿ 1.55 ಕೋಟಿ ಡಾಲರಿಗೆ ಮಾರಾಟವಾಗಿ, ಆಮೇಲೆ ಓಪನ್‌ಎಐ ಪಾಲಾಯಿತು, ಅದೂ ನಿಜ. ಇದನ್ನು ಓದಿದವನು ತನ್ನ ‘ಗೋಬಿ ಚಾಟ್ ಹಾಸನ ಡಾಟ್ ಕಾಮ್’ ತಿರುಗಿಸಿ ನೋಡುತ್ತಾನೆ. ಅದರಲ್ಲಿ ಬರೀ ಚಾಟ್ ಇತ್ತು, ನನ್ನದರಲ್ಲಿ ಗೋಬಿನೂ ಇದೆಯಲ್ಲ! ಆದರೂ ಸೈಟ್ ಬ್ರೋಕರ್ ವಾಸಿ. ಚದರಡಿ ರೇಟನ್ನಾದರೂ ಹೇಳುತ್ತಾನೆ.

ಹೆಸರು ಮಾರಿ ನಿಜವಾಗಿ ದುಡ್ಡು ಮಾಡಿದವರನ್ನು ನೋಡಬೇಕಾದರೆ ಕೆರಿಬಿಯನ್ ಸಮುದ್ರದ ಆಂಗ್ವಿಲಾ ದ್ವೀಪಕ್ಕೆ ಹೋಗಬೇಕು. ಜನಸಂಖ್ಯೆ ಹದಿನಾರು ಸಾವಿರದ ಆಸುಪಾಸು. ಡಾಟ್ ಎಐ ಎಂಬ ಬಾಲ ಅವರ ದ್ವೀಪದ ಗುರುತಾಗಿ ಸುಮ್ನೆ ಬಂದದ್ದು. ಕೃತಕ ಬುದ್ಧಿಮತ್ತೆಯ ಹುಚ್ಚು ಏರಿದ್ದೇ ತಡ, 2023ರಲ್ಲಿ ಅದರಿಂದ ಸುಮಾರು 3.2 ಕೋಟಿ ಡಾಲರ್ ಬಂತು. ಸರ್ಕಾರದ ಆದಾಯದಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ. ಅವರು ಯಾರ ಪೋಸ್ಟ್ ಕೆಳಗೂ ಬಂದು ಡಿಎಂ ಮಾಡಿ ಅಂದಿಲ್ಲ. ಎರಡು ವರ್ಷಕ್ಕೆ ಇಷ್ಟು ಅಂತ ರೇಟ್ ಹಾಕಿ ಕೂತಿದ್ದಾರೆ. ಶಿಷ್ಟಾಚಾರ ಗೊತ್ತಿಲ್ಲದ ಜನ.

ಅಂದಹಾಗೆ, ನಮ್ಮವರು ಬೆಲೆ ಮುಚ್ಚಿಡುವುದಕ್ಕೆ ಸಂಕೋಚ ಕಾರಣ ಅಲ್ಲ. ಡೊಮೇನ್ ಜಗಳ ಬಗೆಹರಿಸಲು, ಇಂಟರ್ನೆಟ್ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ 1999ರಲ್ಲಿ ಒಂದು ನಿಯಮಾವಳಿ ತಂದಿತು. ಡಾಟ್ ಇನ್ ಹೆಸರುಗಳಿಗೂ ಅಂಥದ್ದೇ ಒಂದಿದೆ. ಬೇರೆಯವರ ಟ್ರೇಡ್‌ಮಾರ್ಕ್ ಹೆಸರನ್ನು, ಆದ ಖರ್ಚಿಗಿಂತ ಹೆಚ್ಚಿಗೆ ಅವರಿಗೇ ಮಾರೋಣ ಅಂತ ತೆಗೆದಿಟ್ಟುಕೊಂಡಿದ್ದು ಗೊತ್ತಾದರೆ, ಅದೇ ಕೆಟ್ಟ ಉದ್ದೇಶಕ್ಕೆ ಸಾಕ್ಷಿ. ಹೆಸರು ಕೈಬಿಟ್ಟು ಹೋಗಬಹುದು. ಕೋರ್ಟಿನ ಭಯ ಬೇರೆ. ಸಿಫಿ ಎಂಬ ಹೆಸರಿಗಾಗಿ ಎರಡು ಕಂಪನಿಗಳು ಆಡಿದ ಜಗಳ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಶುರುವಾಗಿ, ಹೈಕೋರ್ಟ್ ದಾಟಿ, 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಟ್ರೇಡ್‌ಮಾರ್ಕಿಗೆ ಸಿಗುವ ಥರದ ರಕ್ಷಣೆ ಡೊಮೇನ್ ಹೆಸರಿಗೂ ಸಿಗುತ್ತದೆ ಅಂತ ತೀರ್ಪಾಯಿತು.

ಹಾಗಾಗಿ ಪಳಗಿದವರು ಹೊಸಬರಿಗೆ ಹೇಳುವ ಬುದ್ಧಿಮಾತು ಇದು: ಕಂಪನಿ ಹತ್ತಿರ ನೀನಾಗಿ ಹೋಗಬೇಡ, ಬೆಲೆ ಮೊದಲು ಬಾಯಿಬಿಡಬೇಡ. ಹೊಸಬರು ಇದರಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡರು. ಬೆಲೆ ಬಾಯಿಬಿಡಲಿಲ್ಲ, ಸರಿ. ಆದರೆ ಕಂಪನಿಯ ಸ್ವಂತ ಪೋಸ್ಟ್ ಕೆಳಗೆ ತಮ್ಮ ಹೆಸರು, ಫೋಟೋ, ಊರು, ಓದಿದ ಕಾಲೇಜು ಸಮೇತ ‘ನಿಮ್ಮ ಹೆಸರು ನನ್ನ ಹತ್ರ ಇದೆ’ ಅಂತ ಬರೆದು ಬಂದರು. ಇನ್ನು ಕಂಪನಿ ವಕೀಲರು ಸಾಕ್ಷಿ ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ಒಂದು ಸ್ಕ್ರೀನ್‌ಶಾಟ್ ತೆಗೆದರೆ ಮುಗೀತು. ರಾಕೆಟ್‌ಗಳೂ ಫೈಲಿಗೆ ಸೇರುತ್ತವೆ, ಮೂರೂ.

ಬೆಲೆ ಬಾಯಿಬಿಟ್ಟವರೂ ಇದ್ದಾರೆ. ಜಿಯೋ, ಹಾಟ್‌ಸ್ಟಾರ್ ಒಂದಾಗಬಹುದು ಅಂತ ಮೊದಲೇ ಊಹಿಸಿ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ತೆಗೆದಿಟ್ಟಿದ್ದ ದೆಹಲಿಯ ಡೆವಲಪರ್ ಒಬ್ಬರು, 2024ರ ಅಕ್ಟೋಬರ್‌ನಲ್ಲಿ ಅದೇ ಪುಟದ ಮೇಲೆ ರಿಲಯನ್ಸ್‌ಗೆ ಪತ್ರ ಬರೆದರು. ನನ್ನ ಕೇಂಬ್ರಿಜ್ ಓದಿನ ಖರ್ಚು ಕೊಡಿ, ಹೆಸರು ತಗೊಳ್ಳಿ ಅಂತ. ರಿಲಯನ್ಸ್ ದುಡ್ಡು ಕೊಡಲಿಲ್ಲ. ಆಮೇಲೆ ಹೆಸರು ದುಬೈನ ಇಬ್ಬರು ಮಕ್ಕಳ ಕೈಸೇರಿತು. ಅಣ್ಣ ತಂಗಿ ಇಬ್ಬರೂ ಸೇರಿ, ಬಿಟ್ಟಿ ಕೊಡ್ತೀವಿ ಅಂದುಬಿಟ್ಟರು! ಆ ದಿನ ಇಡೀ ದಲ್ಲಾಳಿ ಕುಲ ಊಟ ಬಿಟ್ಟಿರಬೇಕು.

ಇಷ್ಟೆಲ್ಲ ಗೊತ್ತಿದ್ದೂ ನೀವು ಧೈರ್ಯ ಮಾಡಿ ಡಿಎಂ ಮಾಡಿದಿರಿ ಅನ್ನಿ.

‘ರೇಟ್ ಎಷ್ಟು?’

‘ನಿಮ್ಮ ಬಜೆಟ್ ಎಷ್ಟು ಸರ್?’

‘ನೀವೇ ಹೇಳಿ.’

‘ಇಲ್ಲ ಸರ್, ನೀವೇ ಒಂದು ಆಫರ್ ಕೊಡಿ.’

‘ಐದು ಸಾವಿರ?’

‘ಸರ್, ಇದು ಪ್ರೀಮಿಯಂ ನೇಮ್.’

‘ಸರಿ, ಎಷ್ಟಾದ್ರೆ ಕೊಡ್ತೀರಿ?’

‘ಅದು ನಿಮಗೆ ಎಷ್ಟು ಬೆಲೆ ಅನ್ಸುತ್ತೆ ಅನ್ನೋದರ ಮೇಲೆ ಸರ್.’

‘ಐದು ಸಾವಿರ ಅನ್ಸುತ್ತೆ.’

ಆ ಕಡೆಯಿಂದ ಮಾತಿಲ್ಲ. ಮಾರನೆಯ ದಿನ ಆತನ ಪೋಸ್ಟ್ ಬರುತ್ತದೆ. ‘ಪ್ರತಿಷ್ಠಿತ ಗ್ರಾಹಕರೊಬ್ಬರಿಂದ ಬಂದ ಆಫರ್ ತಿರಸ್ಕರಿಸಿದ್ದೇನೆ. ಬೇಕಾದವರು ತಡಮಾಡಬೇಡಿ.’ ಪ್ರತಿಷ್ಠಿತ ಗ್ರಾಹಕರು ನೀವೇ. ಪೋಸ್ಟಿಗೆ ಹನ್ನೊಂದು ಕಾಮೆಂಟ್ ಬಂದಿರುತ್ತವೆ. ಹನ್ನೊಂದೂ ಜನ ತಮ್ಮ ತಮ್ಮ ಡೊಮೇನ್ ಮಾರುತ್ತಿರುತ್ತಾರೆ.