ಮೊದಲ ನಾಯಕಿ ಗಂಡಸು, ಗೊತ್ತಾಯ್ತು. ಆಮೇಲೆ?

ನಿನ್ನೆ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಕ್ವಿಜ್ ಇತ್ತು. ವಿಷಯ ಸಿನಿಮಾ. ನಾನು ಬಿಡ್ತೀನಾ? ಮೊದಲ ಸಾಲಿನಲ್ಲೇ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಬಂತು ನೋಡಿ, ಇಂಥ ಕ್ವಿಜ್‌ಗಳಲ್ಲಿ ತಪ್ಪದೆ ಹಾಜರಿ ಹಾಕುವ ಆ ಪ್ರಶ್ನೆ. ಭಾರತದ ಮೊದಲ ಕಥಾಚಿತ್ರದ ನಾಯಕಿ ಯಾರು? ಒಬ್ಬ ಹುಡುಗ ಎದ್ದು ನಿಂತು, "ಸಾಳುಂಕೆ! ಅವರು ಗಂಡಸು!" ಅಂದ. ಇಡೀ ಹಾಲ್ ಗೊಳ್ ಅಂತು. ನಡೆಸಿಕೊಡುತ್ತಿದ್ದ ಮಹಾನುಭಾವರು ಸೊಂಟದ ಮೇಲೆ ಕೈಯಿಟ್ಟು ಒಂದು ಸಲ ಬಳುಕಿ ತೋರಿಸಿದರು. ಇನ್ನೊಂದು ಸುತ್ತು ನಗು. ಹತ್ತು ಅಂಕ. ಮುಂದಿನ ಪ್ರಶ್ನೆ.

ಆ 'ಮುಂದಿನ ಪ್ರಶ್ನೆ' ಇದೆಯಲ್ಲ, ನನ್ನ ಜಗಳ ಅದರ ಜೊತೆ.

ಸಾಳುಂಕೆ ಮೇಲೆ ನನಗೇನೂ ಸಿಟ್ಟಿಲ್ಲ. ಪಾಪ, ಮುಂಬೈಯ ಗ್ರ್ಯಾಂಟ್ ರೋಡಿನ ಹೋಟೆಲಲ್ಲಿ ಅಡುಗೆ ಮಾಡಿಕೊಂಡಿದ್ದವರು. ಅಲ್ಲಿ ಅವರಿಗೆ ತಿಂಗಳಿಗೆ ಹತ್ತು ರೂಪಾಯಿ ಸಿಗುತ್ತಿತ್ತಂತೆ. ದಾದಾಸಾಹೇಬ್ ಫಾಲ್ಕೆ ಹದಿನೈದು ಕೊಡ್ತೀನಿ ಅಂದರು, ಬಂದರು. ಆ ಮೊದಲ ಕಥಾಚಿತ್ರ, ಅಂದರೆ 1913ರ 'ರಾಜಾ ಹರಿಶ್ಚಂದ್ರ'ದಲ್ಲಿ ಹರಿಶ್ಚಂದ್ರನ ಹೆಂಡತಿ ತಾರಾಮತಿ ಆದರು. ನಾಲ್ಕು ವರ್ಷ ಬಿಟ್ಟು 'ಲಂಕಾ ದಹನ'ದಲ್ಲಿ ರಾಮನೂ ಅವರೇ, ಸೀತೆಯೂ ಅವರೇ. ಸುಮ್ನೆ ಮಾತಲ್ಲ ಅದು. ಅಂಥ ನಟನನ್ನೂ ನಾವು ಬಳುಕಿ ತೋರಿಸೋದಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ.

ಆದರೆ ಅಲ್ಲಿಗೇ ನಿಲ್ಲಿಸಿದರೆ ಹೇಗೆ? ಫಾಲ್ಕೆ ಒಂದೇ ಸಿನಿಮಾ ಮಾಡಿ ಮನೆಗೆ ಹೋದರಾ? ಅದರ ಬೆನ್ನಿಗೇ 'ಮೋಹಿನಿ ಭಸ್ಮಾಸುರ' ಮಾಡಿದರು. ಅದರಲ್ಲಿ ಪಾರ್ವತಿ ಆಗಿದ್ದು ದುರ್ಗಾಬಾಯಿ ಕಾಮತ್. ಮೋಹಿನಿ ಆಗಿದ್ದು ಅವರ ಮಗಳು ಕಮಲಾಬಾಯಿ. ಹೆಂಗಸು ಅಂದರೆ ಹೆಂಗಸೇ, ಮೀಸೆ ಬೋಳಿಸಿಕೊಂಡು ಬಂದವರಲ್ಲ. ಕಮಲಾಬಾಯಿ ಹುಟ್ಟಿದ್ದು 1900ರಲ್ಲಿ. ಮೋಹಿನಿಯ ಪಾತ್ರ ಮಾಡುವಾಗ ಆಕೆಗೆ ಸುಮಾರು ಹದಿಮೂರು. ನಮ್ಮ ಹುಡುಗಿಯರು ಎಂಟನೇ ಕ್ಲಾಸಿನಲ್ಲಿ ಇರುವ ವಯಸ್ಸು.

ಅಷ್ಟು ಹೊತ್ತಿಗೆ ಆಕೆ ಹಳೇ ನಟಿ ಆಗಿಬಿಟ್ಟಿದ್ದಳು. ನಾಲ್ಕನೇ ವಯಸ್ಸಿಗೇ ರಂಗಕ್ಕೆ ಬಂದವಳು. ತಾಯಿ ದುರ್ಗಾಬಾಯಿ ಗಂಡನಿಂದ ಬೇರೆಯಾಗಿ, ಕೈಗೂಸು ಕಟ್ಟಿಕೊಂಡು ನಾಟಕ ಕಂಪನಿ ಸೇರಿದ್ದರು. ಗಂಡ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಮೇಷ್ಟ್ರು. ಮೇಷ್ಟ್ರ ಹೆಂಡತಿಯಾಗಿ ತೆಪ್ಪಗಿದ್ದಿದ್ದರೆ ಒಂದು ಮಾತೂ ಬರುತ್ತಿರಲಿಲ್ಲ. ಹೊರಗೆ ಬಂದು ಬಣ್ಣ ಹಚ್ಚಿದರು, ಜಾತಿಯವರು ದೂರ ಇಟ್ಟರು. ಇವತ್ತು ಈ ಊರಲ್ಲಿ ಕ್ಯಾಂಪು, ನಾಳೆ ಇನ್ನೊಂದೂರಲ್ಲಿ. ಮಗಳಿಗೆ ಶಾಲೆ ಎಲ್ಲಿಂದ ಬರಬೇಕು? ಅಮ್ಮ ದಾರಿಯಲ್ಲಿ ಹೇಳಿಕೊಟ್ಟಿದ್ದೇ ಓದು.

ನಾನು ನಿನ್ನೆಯಿಂದ ಇದೊಂದನ್ನೇ ಯೋಚನೆ ಮಾಡುತ್ತಿದ್ದೇನೆ. ಸಂಗೀತ ನಾಟಕದಲ್ಲಿ ಬೆಳೆದ ಹುಡುಗಿ ಅದು. ಅಲ್ಲಿ ಗಂಟಲೇ ಬಂಡವಾಳ. ರಾತ್ರಿ ದೀಪದ ಬೆಳಕಿನಲ್ಲಿ ಹಾಡಬೇಕು, ಕೊನೆಯ ಬೆಂಚಿನವನಿಗೂ ಕೇಳಬೇಕು, ಅವನು 'ಒನ್ಸ್ ಮೋರ್' ಅಂದರೆ ಮತ್ತೆ ಹಾಡಬೇಕು. ಫಾಲ್ಕೆ ಹತ್ತಿರ ಎಲ್ಲ ತಿರುಗಾಮುರುಗಾ. ಹಗಲು ಬಿಸಿಲೇ ದೀಪ. ಎದುರಿಗೆ ಜನ ಇಲ್ಲ, ಕೈಯಿಂದ ತಿರುಗಿಸುವ ಕ್ಯಾಮೆರಾ ಒಂದಿದೆ. ಎಷ್ಟೇ ಚೆನ್ನಾಗಿ ಹಾಡಿದರೂ ಒಂದಕ್ಷರ ಆ ಪೆಟ್ಟಿಗೆಯೊಳಗೆ ಹೋಗುವುದಿಲ್ಲ. ಇರೋದನ್ನೆಲ್ಲ ಕಣ್ಣಿಗೆ, ಕೈಗೆ, ಹೆಜ್ಜೆಗೆ ತರಬೇಕು. ಮೋಹಿನಿಯ ಪಾತ್ರವೇ ಅಂಥದ್ದು, ನೆನಪು ಮಾಡಿಕೊಳ್ಳಿ. ಅವಳು ಕುಣಿದ ಹಾಗೇ ಭಸ್ಮಾಸುರ ಕುಣಿಯಬೇಕು, ಕುಣಿಯುತ್ತಾ ಕುಣಿಯುತ್ತಾ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಳ್ಳಬೇಕು. ಡೈಲಾಗೇ ಬೇಡ. ಮೂಕಿಗೆ, ಅಂದರೆ ಮಾತಿಲ್ಲದ ಸಿನಿಮಾಕ್ಕೆ, ಇದಕ್ಕಿಂತ ಒಳ್ಳೆ ಕಥೆ ಎಲ್ಲಿ ಸಿಗುತ್ತೆ? ಆದರೆ ಈಗ ನೋಡೋಣ ಅಂದರೆ ಆ ಚಿತ್ರ ಉಳಿದಿಲ್ಲ. ಸಾಳುಂಕೆಯ ಸೀರೆ ಉಳೀತು, ಈ ಹುಡುಗಿಯ ಕುಣಿತ ಹೋಯ್ತು.

ಮನೆಗೆ ಬಂದು ಇದನ್ನೆಲ್ಲ ಒದರಿದ್ದಕ್ಕೆ ನಮ್ಮ ಮನೆಯವರು, "ಅದು ಕ್ವಿಜ್ ಕಣೇ, ಹರಿಕಥೆ ಅಲ್ಲ" ಅಂದರು. ಅವರ ಎರಡನೇ ವಾದ ಇನ್ನೂ ಜೋರು. "ಆ ಕಾಲದಲ್ಲಿ ಹೆಂಗಸರು ಬರಲೇ ಇಲ್ಲವಲ್ಲ, ಫಾಲ್ಕೆ ಏನು ಮಾಡಬೇಕಿತ್ತು? ವೇಶ್ಯೆಯರ ಬೀದಿಗೂ ಹೋಗಿ ಕೇಳಿದರಂತೆ, ಅವರೂ ಒಲ್ಲೆ ಅಂದರಂತೆ."

ಹೌದು, ಆ ಕಥೆ ನನಗೂ ಗೊತ್ತು. ಸಿನಿಮಾದಲ್ಲಿದ್ದೀವಿ ಅಂದರೆ ಗಂಡಸರಿಗೇ ಮರ್ಯಾದೆ ಇರಲಿಲ್ಲ. ಕೇಳಿದವರಿಗೆ 'ಹರಿಶ್ಚಂದ್ರನ ಫ್ಯಾಕ್ಟರಿಯಲ್ಲಿ ಕೆಲಸ' ಅಂತ ಹೇಳಿ ಅಂತ ಫಾಲ್ಕೆಯೇ ತಮ್ಮವರಿಗೆ ಹೇಳಿಕೊಟ್ಟಿದ್ದರಂತೆ. ಒಪ್ಪೋಣ. ಆದರೆ ಹೆಂಗಸರು ಬರಲೇ ಇಲ್ಲ ಅನ್ನೋದನ್ನ ಮಾತ್ರ ಒಪ್ಪಲ್ಲ. ಅದರ ಹಿಂದೆಯೇ ಇಬ್ಬರು ಬಂದರಲ್ಲ! ಆಕಾಶದಿಂದ ಉದುರಿದರಾ? ಊರೂರು ಸುತ್ತುವ ಕಂಪನಿಯಲ್ಲಿ ದುಡಿದು ತಿನ್ನುವ ಹೆಂಗಸರು ಆಗಲೇ ಇದ್ದರು. ಅವರು ಬಂದದ್ದನ್ನು ಹೇಳಿದರೆ ಯಾರೂ ನಗಲ್ಲ. ತಮಾಷೆ ಸಿಗಲ್ಲ. ಅದಕ್ಕೇ ಬಿಟ್ಟುಬಿಡ್ತೀವಿ. ಇಷ್ಟೇ ವಿಷಯ.

ಗಂಡು ಸೀರೆ ಉಟ್ಟರೆ ನಗು ಗ್ಯಾರಂಟಿ ಅನ್ನೋ ಫಾರ್ಮುಲಾ ನಮ್ಮ ಟಿವಿ ಕಾಮಿಡಿ ಶೋಗಳಿಗೆ ಎಷ್ಟು ಅನ್ನ ಹಾಕಿದೆ ನೀವೇ ನೋಡಿದ್ದೀರಿ. ವಾರ ವಾರ ಅದೇ ವಿಗ್ಗು, ಅದೇ ಬಳುಕು. ನಾನು ಕಾಲೇಜಿನಲ್ಲಿದ್ದಾಗಲೂ ಅದೇ. ಧಾರವಾಡದ ನನ್ನ ಹಳೇ ಗೆಳತಿಯರಿಗೆ ನೆನಪಿರಬಹುದು. ನಾಟಕದಲ್ಲಿ ಅತ್ತೆ ಪಾತ್ರಕ್ಕೆ ನಾನು ಎಲ್ಲ ಮಾತು ಬಾಯಿಪಾಠ ಮಾಡಿದ್ದೆ. ಕಡೇ ಗಳಿಗೆಯಲ್ಲಿ ಅದನ್ನು ಒಬ್ಬ ಹುಡುಗನಿಗೆ ಕೊಟ್ಟರು. ಜನ ಜಾಸ್ತಿ ನಗ್ತಾರೆ ಅಂತ. ನಕ್ಕರು ಬಿಡಿ. ನಾನು ಪರದೆ ಎಳೆದೆ. ಇಷ್ಟು ವರ್ಷ ಆದರೂ ಆ ಹಗ್ಗ ನೆನಪಾದರೆ ಮೈ ಉರಿಯುತ್ತೆ. ಈ ಪೋಸ್ಟು ಇಷ್ಟುದ್ದ ಆಗಿರೋದಕ್ಕೆ ಅದೂ ಒಂದು ಕಾರಣ ಇರಬಹುದು, ನೀವು ಹೇಳೋ ಮುಂಚೆ ನಾನೇ ಹೇಳಿಬಿಡ್ತೀನಿ.

ಕಮಲಾಬಾಯಿ ವಿಷಯಕ್ಕೆ ಬರೋಣ. ಮೋಹಿನಿ ಆದಮೇಲೆ ಆಕೆ ಸಿನಿಮಾ ನಂಬಿಕೊಂಡು ಕೂರಲಿಲ್ಲ. ಬೇರು ಇದ್ದದ್ದು ನಾಟಕದಲ್ಲೇ. ಮದುವೆಯಾದದ್ದು ರಘುನಾಥರಾವ್ ಗೋಖಲೆಯವರನ್ನು. ಅವರು ಕಿರ್ಲೋಸ್ಕರ್ ನಾಟಕ ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದವರು! ಗಂಡ ರಂಗದ ಮೇಲೆ ಹೆಣ್ಣಾಗಿದ್ದವರು, ಹೆಂಡತಿ ಅದೇ ಪಾತ್ರಗಳಿಗೆ ನಿಜವಾದ ಹೆಣ್ಣಾಗಿ ಬಂದವಳು. ಆ ಮನೆಯ ಜಗಲಿಯಲ್ಲಿ ಎಂಥೆಂಥ ಮಾತು ನಡೆದಿರಬೇಕು ಅಂತ ಯೋಚಿಸಿದರೆ ನನಗೆ ಹೊಟ್ಟೆಕಿಚ್ಚಾಗುತ್ತೆ. ಕ್ವಿಜ್‌ನವರೇ, ಪ್ರಶ್ನೆ ಬೇಕಿದ್ದರೆ ಇಲ್ಲಿದೆ ನೋಡಿ.

ಆದರೆ ಗಂಡ ಬೇಗ ಹೋದರು. ಕಮಲಾಬಾಯಿಗೆ ಆಗ ಇಪ್ಪತ್ತೈದರ ಆಸುಪಾಸು. ಆಗಿನ ವಿಧವೆ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂಲೆ ಸೇರಲಿಲ್ಲ ಆಕೆ. ಬಣ್ಣ ಹಚ್ಚಿಕೊಂಡೇ ಮೂರು ಗಂಡುಮಕ್ಕಳನ್ನು ಸಾಕಿದರು. ಲಾಲಜಿ, ಸೂರ್ಯಕಾಂತ್ ಇಬ್ಬರೂ ತಬಲಾದಲ್ಲಿ ಹೆಸರು ಮಾಡಿದರು. ಚಂದ್ರಕಾಂತ್ ಗೋಖಲೆ ಮರಾಠಿ ರಂಗಭೂಮಿ, ಸಿನಿಮಾ ಎರಡರಲ್ಲೂ ದೊಡ್ಡ ನಟ. ಅವರ ಮಗ ವಿಕ್ರಮ್ ಗೋಖಲೆ. 'ಹಮ್ ದಿಲ್ ದೇ ಚುಕೇ ಸನಮ್'ನಲ್ಲಿ ಐಶ್ವರ್ಯಾ ರೈ ಅಪ್ಪನ ಪಾತ್ರ ಮಾಡಿದವರು. ಹಾಂ, ಅವರೇ. ಆ ಕಣ್ಣು ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ?

1931ರಲ್ಲಿ ಟಾಕಿ ಬಂದಾಗ ಮೂಕಿಯ ಎಷ್ಟೋ ತಾರೆಯರು ಒದ್ದಾಡಿದರು. ಮುಖ ಚೆನ್ನಾಗಿತ್ತು, ಮಾತು ಬರುತ್ತಿರಲಿಲ್ಲ, ಹಾಡಂತೂ ದೂರ. ಕಮಲಾಬಾಯಿಗೆ ಆ ಕಾಟವಿಲ್ಲ. ಗಂಟಲನ್ನು ಚಿಕ್ಕಂದಿನಿಂದ ತಿದ್ದಿದ್ದೇ ನಾಟಕ. ಒಟ್ಟು ಮೂವತ್ತೈದರಷ್ಟು ಸಿನಿಮಾ ಮಾಡಿದರು ಅಂತ ಲೆಕ್ಕ. ಕೊನೆಯದು 1980ರ 'ಗೆಹರಾಯಿ'. ಬೆಂಗಳೂರಿನ ಒಂದು ಮನೆಯಲ್ಲಿ ನಡೆಯುವ ಭೂತದ ಕಥೆ. ಅದರಲ್ಲಿ ಇನ್ಯಾರಿದ್ದಾರೆ ಹೇಳಿ? ನಮ್ಮ ಅನಂತನಾಗ್! ಫಾಲ್ಕೆಯ ಮೂಕಿಯಿಂದ ಅನಂತನಾಗ್ ಇರುವ ಸಿನಿಮಾವರೆಗೆ ಒಂದೇ ಜೀವ. ಇದನ್ನು ನಿನ್ನೆ ಆ ಹಾಲ್‌ನಲ್ಲಿ ಹೇಳಿದ್ದರೆ ನಗುವ ಬದಲು ಬಾಯಿ ತೆರೆದು ಕೂರುತ್ತಿದ್ದರು. ಹೇಳಲು ಹೋದೆ. ಮೈಕ್ ಕೊಡಲಿಲ್ಲ. ಸಮೋಸ ಬಂತು.

ಇನ್ನೊಂದು ಮಾತು ಹೇಳದೆ ನನಗೆ ನಿದ್ದೆ ಬರಲ್ಲ. ಆಕೆ ತೀರಿಕೊಂಡದ್ದು 1990ರ ದಶಕದ ಕೊನೆಯ ಭಾಗದಲ್ಲಿ. ಹತ್ತಿರ ಹತ್ತಿರ ತೊಂಬತ್ತೇಳು ವರ್ಷ ಬದುಕಿದ್ದರು. ನಾವೆಲ್ಲ ದೂರದರ್ಶನದಲ್ಲಿ ಭಾನುವಾರದ ಸಿನಿಮಾ ನೋಡುವಾಗ, ಕೇಬಲ್ ಬಂದಾಗ, ಪುಣೆಯಲ್ಲಿ ಅಜ್ಜಿ ಇನ್ನೂ ಇದ್ದರು. ರೈಲು ಹತ್ತಿ ಹೋಗಿದ್ದರೆ ಮಾತಾಡಿಸಿಕೊಂಡು ಬರಬಹುದಿತ್ತು. ಹಾಗೆ ಹೋದವರು ರೀನಾ ಮೋಹನ್. 1990ರ ದಶಕದ ಶುರುವಿನಲ್ಲಿ ಅಜ್ಜಿಯ ಮೇಲೆ 'ಕಮಲಾಬಾಯಿ' ಅಂತ ಸಾಕ್ಷ್ಯಚಿತ್ರ ಮಾಡಿದರು. ತೊಂಬತ್ತು ದಾಟಿದ ಜೀವ ಹಳೇ ನಾಟಕಗಳನ್ನು ನೆನೆದು ಮಾತು ಒಪ್ಪಿಸುತ್ತೆ ಅದರಲ್ಲಿ. ಎಲ್ಲಾದರೂ ಪ್ರದರ್ಶನ ಇದೆ ಅಂತ ಗೊತ್ತಾದರೆ ದಯವಿಟ್ಟು ನನಗೂ ಹೇಳಿ, ಮುಂದಿನ ಸಾಲಿನ ಸೀಟು ಹಿಡಿಯೋದು ನನ್ನ ಕೆಲಸ.

ಇನ್ನು ಕಾಮೆಂಟಿನಲ್ಲಿ "ಆದ್ರೆ ಮೇಡಂ, ಮರಾಠಿ ನಾಟಕದ ಬಾಲಗಂಧರ್ವರು ಸೀರೆ ಉಟ್ಟರೆ ಹೆಂಗಸರೇ ನಾಚಬೇಕಿತ್ತು" ಅಂತ ಶುರು ಮಾಡಲು ಕಾದಿರುವ ನಮ್ಮ ಹುಬ್ಬಳ್ಳಿ-ಧಾರವಾಡದ ಹಿರಿಯರಿಗೆ: ಗೊತ್ತದ ರೀ. ನಮ್ಮ ಅಜ್ಜಿಗೂ ಅವರೇ ದೇವರು. ಆ ಜಗಳ ಇನ್ನೊಂದು ದಿನ ಆಡೋಣ.